ಸುಣ್ಣದ ಗೆರೆ ದಾಟದವನು

"ಅಲ್ಲೇ ನಿಲ್ಲಪ್ಪಾ, ಗೋಡೆ ತುಳೀಬೇಡ," ಎಂದರು ಶಾಮಲಮ್ಮ.

ಕಾನ್‌ಸ್ಟೆಬಲ್ ನರೇಶ್ ಎತ್ತಿದ ಕಾಲನ್ನು ಎತ್ತಿದ ಹಾಗೇ ಹಿಡಿದು ಸುತ್ತ ನೋಡಿದ. ಗೋಡೆಯೂ ಇಲ್ಲ, ಗುಡಿಸಲೂ ಇಲ್ಲ. ಕೋಲಾರದಿಂದ ವಕ್ಕಲೇರಿಗೆ ಹೋಗುವ ರಸ್ತೆ ಪಕ್ಕದ ಎರಡೆಕರೆ ಬಟ್ಟಬಯಲು. ರಾತ್ರಿಯ ಮಳೆಗೆ ನೆನೆದ ಕೆಂಪು ಮಣ್ಣು, ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಎಳೆದ ಬಿಳಿ ಸುಣ್ಣದ ಗೆರೆಗಳು. ಪಾಪ, ಈಯಮ್ಮನಿಗೆ ಬಿಸಿಲು ತಲೆಗೇರಿದೆ ಅಂದುಕೊಂಡಿರಬೇಕು. ಬೆಳಿಗ್ಗೆ ಒಂಬತ್ತು ಗಂಟೆಗೆ ಎಂಥ ಬಿಸಿಲೋ.

"ಯಾವ ಗೋಡೆ ಅಮ್ಮಾ?"

"ನಿನ್ನ ಕಾಲಡಿ ಇರೋದೇ. ಬೈರಮ್ಮನ ಮನೆ ಗೋಡೆ ಅದು. ಬಾಗಿಲು ಆ ಕಡೆ ಇದೆ, ಸುತ್ತಿಕೊಂಡು ಬಾ."

ನರೇಶ್ ಸುತ್ತಿಕೊಂಡೇ ಬಂದ. ಬರದೆ ಏನು ಮಾಡುತ್ತಾನೆ? ಶ್ರೀನಿವಾಸಪುರದ ಸರ್ವೆ ಶಾಮಲಮ್ಮ ಅಂದರೆ ಮಾಲೂರಿನಿಂದ ಮುಳಬಾಗಿಲಿನವರೆಗೆ ಎಲ್ಲ ಠಾಣೆಗಳಲ್ಲೂ ಮೊದಲು ಕುರ್ಚಿ ಹಾಕಿ ಆಮೇಲೆ ಮುಖ ಗಂಟು ಹಾಕುತ್ತಾರೆ. ಮೂವತ್ತು ವರ್ಷ ಜಿಲ್ಲೆಯ ಹೊಲಗದ್ದೆಗಳಲ್ಲಿ ಸರಪಳಿ ಎಳೆದು ಅಳೆದವರು. ರಿಟೈರಾದ ಮೇಲೆ ಕಾಣೆಯಾದ ಗಡಿಕಲ್ಲು ಹುಡುಕಿಕೊಡುವುದಕ್ಕೆ ಶುರುಮಾಡಿ, ಈಗ ಕಾಣೆಯಾದ ಮನುಷ್ಯರನ್ನೂ ಮುಚ್ಚಿಟ್ಟ ಸತ್ಯವನ್ನೂ ಹುಡುಕುತ್ತಾರೆ. ನೆಲ ಸುಳ್ಳು ಹೇಳೋದಿಲ್ಲ ಅನ್ನೋದು ಅವರ ಮಾತು.

ಆದದ್ದಿಷ್ಟು. ಬಯಲಿನ ಮೂಲೆಯ ತಗಡಿನ ಶೆಡ್ಡಿನಲ್ಲಿದ್ದ ಬಟ್ಟೆನಕ್ಷೆ, ಅಂದರೆ ಬಟ್ಟೆಯ ಮೇಲೆ ಬರೆದ ಇಡೀ ಕೇರಿಯ ನಕ್ಷೆ, ಅವತ್ತು ಶನಿವಾರ ಬೆಳಗಿನ ಜಾವ ಮಾಯವಾಗಿತ್ತು. ಸೋಮವಾರ ಹನ್ನೊಂದು ಗಂಟೆಗೆ ಅದು ನಕ್ಷೆಗೆ ಒಪ್ಪಿಗೆ ಕೊಡುವ ಸಮಿತಿಯ ಮೇಜಿನ ಮೇಲೆ ಇರದಿದ್ದರೆ ತೊಂಬತ್ತಾರು ಮನೆಗಳ ಕೇರಿಯ ಕನಸು ಮುಗಿಯಿತು. ನೆಲ ನಲವತ್ತು ಸೈಟುಗಳಾಗಿ ಹಂಚಿಹೋಗುತ್ತದೆ, ಉಳಿದ ಐವತ್ತಾರು ಕುಟುಂಬಗಳು ಬಾಡಿಗೆ ಮನೆಯಲ್ಲೇ ಮುದುಕರಾಗಬೇಕು.

ಈ ಕೇರಿಯ ಕಥೆಯೂ ಕೇಳುವಂಥದ್ದೇ. ತರಕಾರಿ ಮಾರುಕಟ್ಟೆಯ ಹಮಾಲಿಗಳು, ಗಾರೆ ಮೇಸ್ತ್ರಿಗಳು, ಹಾಲು ಹಾಕುವ ಹೆಂಗಸರು, ಮಾಲೂರಿನ ಕಾರ್ಖಾನೆಗೆ ಬಸ್ಸು ಹತ್ತುವವರು, ಹೀಗೆ ತೊಂಬತ್ತಾರು ಮನೆಯವರು ಸೇರಿ ಸಂಘ ಕಟ್ಟಿ ಕೊಂಡ ನೆಲ ಇದು. ಎಲ್ಲರಿಗೂ ಬೇಕಾಗಿದ್ದದ್ದು ಮೂವತ್ತು ನಲವತ್ತರ ಸೈಟು, ಸುತ್ತ ಕಾಂಪೌಂಡು, ಎದುರಿಗೆ ಗೇಟು. ನಕ್ಷೆ ಮಾಡಲು ಬಂದವಳು ಚಂದನ, ಹುತ್ತೂರಿನ ರೇಷ್ಮೆ ಬೆಳೆಗಾರರ ಮಗಳು, ಕಟ್ಟಡ ವಿನ್ಯಾಸ ಓದಿದವಳು. ಹಾಗೆ ಮಾಡಿದರೆ ನಲವತ್ತು ಜನಕ್ಕಷ್ಟೇ ಆಗುತ್ತದೆ, ವಾಪಸು ಕಳಿಸಬೇಕಾದ ಐವತ್ತಾರು ಮನೆಯವರ ಹೆಸರು ನೀವೇ ಹೇಳಿ, ಬರೆದುಕೊಳ್ಳುತ್ತೇನೆ ಅಂದಳಂತೆ. ಸಭೆಯಲ್ಲಿ ಒಬ್ಬರೂ ಬಾಯಿ ತೆಗೆಯಲಿಲ್ಲ.

ಆಮೇಲೆ ಅವಳು ಕಾಗದ ಮಡಚಿಟ್ಟು, ಭಾನುವಾರ ಬಯಲಿಗೆ ಬನ್ನಿ ಅಂದಳು. ಮುನಿಕೃಷ್ಣ ಮೇಸ್ತ್ರಿ ಬೆರಳುದ್ದ ನೆಲ ತೋಡಿ ಸುಣ್ಣ ತುಂಬಿ ಗೋಡೆಗಳ ಗೆರೆ ಎಳೆದ. ಆರು ತಿಂಗಳು ಪ್ರತಿ ಭಾನುವಾರ ಜನ ಬುತ್ತಿ ಕಟ್ಟಿಕೊಂಡು ಬಂದು ಆ ಗೆರೆಗಳೊಳಗೆ ಕೂತರು, ಎದ್ದರು, ಜಗಳವಾಡಿದರು. ಓಣಿ ಎಷ್ಟು ಅಗಲ ಇರಬೇಕು? ಮದುವೆ ಮೆರವಣಿಗೆ ಹೋಗಬೇಕು, ಹೆಣ ಹೊತ್ತವರು ತಿರುಗುವುದಕ್ಕೂ ಆಗಬೇಕು ಅಂತ ಎಂಬತ್ತು ದಾಟಿದ ಬೈರಮ್ಮ ಅಜ್ಜಿ ತೀರ್ಮಾನ ಕೊಟ್ಟಳು. ಗೋಡೆಗೆ ಗೋಡೆ ಅಂಟಿದ ಮೂರಂತಸ್ತಿನ ಮನೆಗಳು, ಹನ್ನೆರಡು ಮನೆಗೊಂದು ಅಂಗಳ, ಬಾಗಿಲಿಗೊಂದು ಜಗಲಿ. ವಯಸ್ಸಾದವರು ಕೆಳಗೆ, ಮಂಡಿ ಗಟ್ಟಿ ಇರುವವರು ಮೇಲೆ. ಗಾಡಿಗಳೆಲ್ಲ ರಸ್ತೆ ಬದಿಯಲ್ಲೇ ನಿಲ್ಲಬೇಕು. ಸೂರಿನ ನೀರೆಲ್ಲ ಒಂದೇ ತೊಟ್ಟಿಗೆ. ಅಜ್ಜಿಯ ಅರಳಿಕಟ್ಟೆ ಮಾತ್ರ ಮೂರು ಸಲ ಜಾಗ ಬದಲಾಯಿಸಿತು.

ಶಾಮಲಮ್ಮ ಮೊದಲ ಸಲ ಇದನ್ನು ನೋಡಿದಾಗ ನಕ್ಕಿದ್ದರು. ಆದರೆ ಅವರೇ ಅಳೆದುಕೊಟ್ಟ ಲೇಔಟುಗಳಲ್ಲಿ ಇಪ್ಪತ್ತು ವರ್ಷ ಪಕ್ಕಪಕ್ಕದಲ್ಲಿದ್ದೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದವರು ಎಷ್ಟೋ ಜನ ಇದ್ದರು. ಇಲ್ಲಿ ಇಟ್ಟಿಗೆ ಇಡುವ ಮೊದಲೇ ಯಾರ ಮನೆಯ ಸಾರಿನ ವಾಸನೆ ಯಾರ ಮನೆಗೆ ಹೋಗುತ್ತೆ ಅಂತ ಜಗಳ ಆಗಿ, ರಾಜಿಯೂ ಆಗಿತ್ತು. ಇದು ನಿಲ್ಲುವ ಊರು ಅನ್ನುವುದರಲ್ಲಿ ಅವರಿಗೆ ಈಗ ಅನುಮಾನವೇ ಇರಲಿಲ್ಲ.

"ಈಗ ಇದನ್ನ ನೋಡು," ಎಂದು ಅವರು ನರೇಶನಿಗೆ ನೆಲ ತೋರಿಸಿದರು.

ನಾಲ್ಕು ಗಂಟೆಗೆ ಮಳೆ ನಿಂತಿತ್ತು. ಆರಕ್ಕೆ ಕಾವಲಿನ ಕದಿರೇಶ ಬಂದಾಗ ಶೆಡ್ಡಿನ ಹಿಂದಿನ ತಗಡು ಕಳಚಿತ್ತು, ಮುಂದಿನ ಬೀಗ ಹಾಗೇ ಇತ್ತು. ಆ ಎರಡು ಗಂಟೆಯ ನಡುವೆ ಬಂದುಹೋದವನ ಹೆಜ್ಜೆ ಒದ್ದೆ ಮಣ್ಣಿನಲ್ಲಿ ಒತ್ತಿಟ್ಟ ಹಾಗೆ ಕೂತಿತ್ತು. ರಸ್ತೆಯಿಂದ ಶೆಡ್ಡಿಗೆ ನೇರ ನಡೆದರೆ ಎಂಬತ್ತು ಹೆಜ್ಜೆ. ಈತ ನಡೆದದ್ದು ಇನ್ನೂರು ಚಿಲ್ಲರೆ. ಓಣಿಯ ಬಾಯಿಂದ ಒಳಗೆ ಬಂದು, ಕಟ್ಟೆಯ ಹತ್ತಿರ ಎಡಕ್ಕೆ ತಿರುಗಿ, ಅಂಗಳ ಬಳಸಿಕೊಂಡು ಹೋಗಿದ್ದ. ಒಂದೇ ಒಂದು ಗೆರೆಯನ್ನೂ ದಾಟಿರಲಿಲ್ಲ.

ನರೇಶ್ ತಲೆ ಕೆರೆದುಕೊಂಡ. ಠಾಣೆಯಲ್ಲಿ ಆಗಲೇ ಗಂಗಾಧರ್‌ನನ್ನು ಕೂರಿಸಿದ್ದರು. ಮಾಲೂರಿನ ಸೈಟು ದಲ್ಲಾಳಿ, ನಲವತ್ತು ಸೈಟು ಮಾಡಿಸಲೇಬೇಕೆಂದು ವರ್ಷದಿಂದ ಓಡಾಡುತ್ತಿದ್ದವನು. ಐದು ಗಂಟೆಗೆ ಅವನ ಬೈಕು ಈ ರಸ್ತೆಯಲ್ಲಿ ಕಂಡವರಿದ್ದರು.

ಅವನನ್ನು ಟೀ ಕುಡಿಸಿ ಮನೆಗೆ ಕಳಿಸೋಕೆ ಹೇಳು ಅಂದರು ಶಾಮಲಮ್ಮ. ಗಂಗಾಧರ್ ಈ ಬಯಲಿಗೆ ಬಂದ ಮೂರು ಸಲವೂ ನಾಲ್ಕು ಜನರ ಅಡುಗೆಮನೆ ತುಳಿದುಕೊಂಡೇ ಬಂದಿದ್ದ, ಬೈರಮ್ಮನ ಕೈಲಿ ಬೈಸಿಕೊಂಡಿದ್ದ. ಅವನ ಕಣ್ಣಿಗೆ ಇದು ಖಾಲಿ ನೆಲ. ಗೋಡೆ ತುಳಿದವರು ವಾಪಸು ಹೋಗಿ ಬಾಗಿಲಿಂದಲೇ ಬರಬೇಕು ಅನ್ನೋದು ಇಲ್ಲಿಯ ಮಕ್ಕಳು ಮಾಡಿದ ಕಾನೂನು. ಆರು ತಿಂಗಳು ಅದನ್ನು ಪಾಲಿಸಿದವನಿಗೆ ಕಾಲೇ ದಾರಿ ಹಿಡಿಯುತ್ತದೆ. ಕತ್ತಲಲ್ಲಿ, ಯಾರೂ ಇಲ್ಲದಾಗ, ಕಳ್ಳತನಕ್ಕೆ ಬಂದಾಗಲೂ.

"ಅಂದ್ರೆ ಕಳ್ಳ ಒಳಗಿನೋನು ಅಂತೀರಾ?" ಅವರ ಹಿಂದೆಯೇ ಬರುತ್ತಿದ್ದ ಚಂದನ ಕೇಳಿದಳು.

"ಒಳಗಿನೋನೇ ಕಣಮ್ಮಾ. ಅಷ್ಟೇ ಅಲ್ಲ, ಬಾ ಇಲ್ಲಿ."

ವಾಪಸು ಹೋಗುವಾಗ ಆ ಹೆಜ್ಜೆಗಳು ಒಂದು ಕಡೆ ದಾರಿ ಬಿಟ್ಟಿದ್ದವು. ಒಂದು ಮನೆಯ ಬಾಗಿಲಿನವರೆಗೆ ಚಪ್ಪಲಿಯ ಗುರುತು. ಅಲ್ಲಿಂದ ಒಳಗೆ ಬರಿಗಾಲು. ಬಯಲಿನಲ್ಲಿ, ಇಲ್ಲದ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದ ಮಹಾರಾಯ. ಅಂಗಳದ ಕಡೆಯ ಗೆರೆಯ ಮುಂದೆ ಎರಡು ಹಿಮ್ಮಡಿಗಳೂ ಆಳವಾಗಿ ಇಳಿದಿದ್ದವು. ತುಂಬಾ ಹೊತ್ತು ನಿಂತಿದ್ದಾನೆ. ಆ ಗುರುತು ನೋಡಿ ಶಾಮಲಮ್ಮನಿಗೆ ಗೆದ್ದೆ ಅನ್ನಿಸಲಿಲ್ಲ.

ಇದು ಯಾರ ಮನೆ ಅಂತ ಕೇಳಿದರು. ಚಂದನ ಆ ಬಾಗಿಲಿನ ಗೆರೆಯನ್ನೇ ನೋಡುತ್ತ ಹೇಳಿದಳು.

"ಐವತ್ತೇಳು. ಮುನಿಕೃಷ್ಣಣ್ಣಂದು. ಆದ್ರೆ ಅಮ್ಮಾ, ನಿಮಗೆ ಫೋನ್ ಮಾಡಿ ಕರೆಸಿದ್ದೇ ಅವರಲ್ವಾ?"

ಕರೆಸಿದ್ದು ಅವನೇ ನಿಜ. ಆದರೆ ಬೈರಮ್ಮ ಅಜ್ಜಿ ತುಂಬಿದ ಜನರೆದುರು, ಶ್ರೀನಿವಾಸಪುರದ ಆಯಮ್ಮನಿಗೆ ಫೋನ್ ಹಚ್ಚೋ ಅಂದಾಗ ಕೈಯಲ್ಲಿ ಫೋನು ಹಿಡಿದುಕೊಂಡಿದ್ದವನು ಒಲ್ಲೆ ಅನ್ನುವುದು ಹೇಗೆ?

ಶಾಮಲಮ್ಮ ಬಟ್ಟೆನಕ್ಷೆಯ ಫೋಟೋ ಇದೆಯಾ ಅಂದರು. ಹೋದ ಭಾನುವಾರ ತೆಗೆದದ್ದು ಚಂದನಳ ಫೋನಿನಲ್ಲಿತ್ತು. ಎಂಟು ಮೊಳದ ಬಿಳಿ ಬಟ್ಟೆ, ಅದರ ಮೇಲೆ ತೊಂಬತ್ತಾರು ಮನೆಗಳು, ಒಂದೊಂದು ಮನೆಯೊಳಗೆ ಯಜಮಾನನದೋ ಯಜಮಾನಿಯದೋ ಹೆಬ್ಬೆಟ್ಟು. ಸಹಿ ಬರುವವರೂ ಹೆಬ್ಬೆಟ್ಟೇ ಒತ್ತಬೇಕು, ಇಲ್ಲಿ ಮೇಲು ಕೀಳು ಬೇಡ ಅಂತ ಅಜ್ಜಿಯ ಕಟ್ಟಪ್ಪಣೆ. ಓಣಿ, ಅಂಗಳ, ಕಟ್ಟೆ ಎಲ್ಲರ ಪಾಲಿನ ನೆಲವಾದ್ದರಿಂದ ತೊಂಬತ್ತಾರರಲ್ಲಿ ಒಂದು ಕಮ್ಮಿಯಾದರೂ ಸಮಿತಿ ಒಪ್ಪುವಂತಿರಲಿಲ್ಲ.

ಅವರು ಫೋಟೋ ದೊಡ್ಡದು ಮಾಡಿ ಐವತ್ತೇಳನ್ನು ನೋಡಿದರು. ಆಮೇಲೆ ಪಕ್ಕದ ಐವತ್ತೆಂಟನ್ನು. ಎರಡನ್ನೂ ಮತ್ತೆ ಮತ್ತೆ ನೋಡಿ, ಐವತ್ತೆಂಟು ಯಾರದು ಅಂತ ಕೇಳಿದರು. ಮುನಿಕೃಷ್ಣನ ಅಣ್ಣ ವೆಂಕಟ್‌ದು, ಮುಳಬಾಗಿಲಿನಲ್ಲಿ ಬಸ್ ಕಂಡಕ್ಟರ್ ಅಂದಳು ಚಂದನ. ಒಂದು ಸಂಜೆ ಬಂದು ಒತ್ತಿ ಹೋದರು ಅಂತ ಮುನಿಕೃಷ್ಣಣ್ಣನೇ ಹೇಳಿದ್ದನಂತೆ.

ಶಾಮಲಮ್ಮ ಸ್ಕೂಟರಿನ ಕೀಲಿ ತೆಗೆದರು. ನರೇಶನಿಗೆ ಅಲ್ಲೇ ಹೆಜ್ಜೆಗಳ ಕಾವಲಿಗೆ ನಿಲ್ಲಲು ಹೇಳಿ, ಚಂದನಳನ್ನು ಹಿಂದೆ ಕೂರಿಸಿಕೊಂಡು ಹೊರಟರು.

ಮುನಿಕೃಷ್ಣ ಇದ್ದದ್ದು ಒಂದೇ ಕೋಣೆಯ ಬಾಡಿಗೆ ಮನೆ. ಬಾಗಿಲು ತೆಗೆದರೆ ಎದುರು ಮನೆಯ ಹಿಂಗೋಡೆ, ಅದಕ್ಕೆ ಕಿಟಕಿಯೂ ಇಲ್ಲ. ಹೆಂಡತಿ ಸುನಂದ ಚಾಪೆ ಹಾಕಿ ನೀರು ಕೊಟ್ಟಳು. ಮುನಿಕೃಷ್ಣ ಗೋಡೆಗೆ ಒರಗಿ ಕೂತಿದ್ದ. ನಲವತ್ತೈದರ ಗಟ್ಟಿ ಆಳು, ಒಂದೇ ಬೆಳಗಿಗೆ ಹತ್ತು ವರ್ಷ ಹೆಚ್ಚಾದವನ ಹಾಗೆ ಕಾಣುತ್ತಿದ್ದ.

"ಎಡಗೈ ಕೊಡೋ ನಾಯ್ನಾ," ಅಂದರು ಶಾಮಲಮ್ಮ.

ಅವನು ಕೊಟ್ಟ. ಇಪ್ಪತ್ತೈದು ವರ್ಷ ಸುಣ್ಣ ಸಿಮೆಂಟು ತಿಂದ ಹೆಬ್ಬೆಟ್ಟು. ಒಂದು ಗೆರೆ ಉಳಿದಿರಲಿಲ್ಲ, ನುಣ್ಣಗೆ ಸವೆದುಹೋಗಿತ್ತು. ರೇಷನ್ ಅಂಗಡಿಯ ಮಿಷನ್ನು ತಿಂಗಳು ತಿಂಗಳೂ ಅದನ್ನು ಒಲ್ಲೆ ಅನ್ನುತ್ತೆ ಅಂತ ಸುನಂದ ಪಕ್ಕದಿಂದ ಹೇಳಿದಳು. ಗಂಡ ಅವಳ ಕಡೆ ನೋಡಲಿಲ್ಲ.

"ಟಿಕೆಟ್ ಹರಿಯೋ ಕಂಡಕ್ಟರ್ ಹೆಬ್ಬೆಟ್ಟು ಹೀಗೆ ಸವೆಯುತ್ತೇನೋ ಮುನಿಕೃಷ್ಣ?"

ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ತಲೆ ಮಾತ್ರ ಬಗ್ಗಿಸಿದ.

"ಐವತ್ತೇಳರಲ್ಲೂ ನೀನೇ, ಐವತ್ತೆಂಟರಲ್ಲೂ ನೀನೇ. ಬೆಳಗಿನ ಜಾವ ತಗಡು ಕಳಚಿದ್ದೂ ನೀನೇ. ಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದೀಯಲ್ಲೋ, ಅಂಥಾ ಕಳ್ಳನ್ನ ನಾನು ನನ್ನ ಸರ್ವೀಸಲ್ಲೇ ನೋಡಿಲ್ಲ."

ಚಂದನಳಿಗೆ ಕೋಪ ಬಂತು, ಅಳುವೂ ಬಂತು. ಅವಳು ಏನೋ ಹೇಳಲು ಹೋದಳು. ಶಾಮಲಮ್ಮ ಅವಳ ಮೊಣಕಾಲು ತಟ್ಟಿ ಸುಮ್ಮನಾಗಿಸಿದರು. ಮುನಿಕೃಷ್ಣ ಬಾಯಿ ಬಿಟ್ಟ.

ಅಣ್ಣತಮ್ಮ ಇಬ್ಬರೂ ಸಂಘಕ್ಕೆ ಸೇರಿದ್ದು ಜಗಳಕ್ಕೆ ಮುಂಚೆ. ಅವ್ವನ ವರ್ಷದ ತಿಥಿಯ ದಿನ ಒಂದು ಮಾತಿಗೆ ಒಂದು ಮಾತು ಬೆಳೆದು ನಾಲ್ಕು ವರ್ಷದಿಂದ ಮುಖ ನೋಡಿಲ್ಲ. ಗೆರೆ ಎಳೆಯುವಾಗ ಐವತ್ತೇಳು, ಐವತ್ತೆಂಟರ ನಡುವೆ ಎರಡು ಗೋಡೆ ಬೇಡ, ಒಂದೇ ಸಾಕು ಅಂತ ಅವನೇ ಚಂದನಳಿಗೆ ಹೇಳಿದ್ದ. ಅಣ್ಣ ಬಂದೇ ಬರುತ್ತಾನೆ ಅನ್ನೋ ನಂಬಿಕೆ. ತೊಂಬತ್ತೈದು ಹೆಬ್ಬೆಟ್ಟು ಬಿದ್ದವು, ಅಣ್ಣ ಬರಲಿಲ್ಲ. ಹೋಗಿ ಕರೆಯುವುದಕ್ಕೆ ಇವನ ಬಿಗುಮಾನ ಬಿಡಲಿಲ್ಲ. ಕೊನೆಗೆ ತನ್ನದೇ ಒತ್ತಿಬಿಟ್ಟ. ನಿನ್ನೆ ಸಮಿತಿಯಿಂದ ಕಾಗದ ಬಂತು. ಸೋಮವಾರ ತೊಂಬತ್ತಾರು ಜನರೂ ಎದುರಿಗೆ ನಿಂತು, ನಕ್ಷೆಯ ಪಕ್ಕದಲ್ಲಿ ಮತ್ತೊಮ್ಮೆ ಹೆಬ್ಬೆಟ್ಟು ಒತ್ತಿ ತೋರಿಸಬೇಕು.

"ಒಂದು ಸುಳ್ಳು ಹೆಬ್ಬೆಟ್ಟು ಅಂದ್ರೆ ತೊಂಬತ್ತಾರೂ ಸುಳ್ಳು ಅಂತಾರೆ ಅಕ್ಕಾ. ನನ್ನಿಂದ ಅಷ್ಟೂ ಜನರ ಮನೆ ಹೋಗುತ್ತೆ. ನಾಳೆ ಮುಳಬಾಗಿಲಿಗೆ ಹೋಗಿ ಅಣ್ಣನ ಕಾಲು ಹಿಡ್ದು, ಅವನ ಕೈಲೇ ಒತ್ತಿಸ್ಕೊಂಡು ತಂದಿಟ್ಬಿಡೋಣ ಅಂತ ಎತ್ಕೊಂಡ್ ಬಂದೆ. ಗಂಗಾಧರ್‌ನ ಹಿಡೀತಾರೆ ಅಂತ ನನಗೇನ್ ಗೊತ್ತು?"

"ಮತ್ತೆ ಮನೆಯೊಳಗೆ ನಿಂತಿದ್ದು ಯಾಕೋ?"

ಅವನು ಹೆಂಡತಿಯ ಕಡೆ ಕೈ ತೋರಿಸಿದ. "ಅಡುಗೆಮನೆ ಕಿಟಕಿ ಅಂಗಳಕ್ಕೇ ತೆಗೀಬೇಕು ಅಂತ ಇವಳ ಆಸೆ. ಒಲೆ ಮುಂದೆ ನಿಂತು ನಾಲ್ಕು ಜನರ ಹತ್ರ ಮಾತಾಡ್ಬೋದು ಅಂತ. ಸಿಕ್ಕಾಕೊಂಡ್ರೆ ಮತ್ತೆ ಅಲ್ಲಿ ನಿಲ್ಲೋಕೆ ಯಾರೂ ಬಿಡಲ್ಲ ಅನ್ನಿಸ್ತು. ಅದಕ್ಕೆ ಒಂದ್ಸಲ ನಿಂತ್ಕೊಂಡೆ."

ಸುನಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಶಾಮಲಮ್ಮನಿಗೆ ಮರುಕ ಬೇರೆ, ಕೆಲಸ ಬೇರೆ. ಮೊದಲು ನಕ್ಷೆ ಕೈಗೆ ಬರಬೇಕು, ಗಂಗಾಧರ್ ಹೊರಗೆ ಬರಬೇಕು, ನಾಳೆ ಕಾಯದೆ ಇವತ್ತೇ ಮುಳಬಾಗಿಲಿಗೆ ಹೋಗಿ ಅಣ್ಣನನ್ನು ಕರೆತರಬೇಕು. ವೆಂಕಟ್ ಎದುರಿಗೆ ಬಂದು, ತಮ್ಮನಿಗೆ ನಾನೇ ಒಪ್ಪಿಗೆ ಕೊಟ್ಟಿದ್ದೆ ಅಂದರೆ ಸಮಿತಿಯವರ ಕೈಕಾಲು ಹಿಡಿದಾದರೂ ಉಳಿಸಿಕೊಳ್ಳಬಹುದು. ಇನ್ನೂ ಎರಡು ದಿನ ಇದೆ, ಆಗುತ್ತೆ ಏಳು ಅಂದರು. ಅವರು ಆಗುತ್ತೆ ಅಂದರೆ ಕೇಳಿದವರಿಗೂ ಆಗುತ್ತೆ ಅನ್ನಿಸುತ್ತಿತ್ತು.

ಮುನಿಕೃಷ್ಣ ಎದ್ದು, ಕರಣೆ, ತೂಗುಗುಂಡು ಮುಂತಾದ ಗಾರೆ ಸಾಮಾನಿನ ನಡುವೆ ನೇತುಹಾಕಿದ್ದ ಸಿಮೆಂಟಿನ ಚೀಲದೊಳಗಿಂದ ಸುರುಳಿ ತೆಗೆದ. ತಂದಾಗಿನಿಂದ ಅದನ್ನು ಬಿಚ್ಚಿ ನೋಡುವ ಧೈರ್ಯವೂ ಆಗಿಲ್ಲ ಅಂದ. ಕೋಣೆಯ ಉದ್ದ ಸಾಲದೆ ಅರ್ಧ ಬಾಗಿಲ ಹೊರಗೆ ಹಾಸಬೇಕಾಯಿತು. ಚಂದನ ಒಂದೊಂದೇ ಮನೆ ಎಣಿಸುತ್ತ ಬಂದು, ಐವತ್ತೆಂಟರ ಹತ್ತಿರ ನಿಂತುಬಿಟ್ಟಳು.

ಅಲ್ಲಿ ಎರಡು ಹೆಬ್ಬೆಟ್ಟುಗಳಿದ್ದವು.

ಒಂದು ಮುನಿಕೃಷ್ಣನದು, ನುಣ್ಣನೆಯ ಕಪ್ಪು ಮಚ್ಚೆ. ಅದರ ಪಕ್ಕದಲ್ಲೇ ಇನ್ನೊಂದು. ಗೆರೆಗಳು ಸ್ಪಷ್ಟವಾಗಿ ಬಿದ್ದಿದ್ದವು, ನಡುವೆ ಓರೆಯಾಗಿ ಒಂದು ಸೀಳು. ಶಾಮಲಮ್ಮ ಫೋನಿನ ಫೋಟೋ ಪಕ್ಕಕ್ಕೆ ಹಿಡಿದರು. ಭಾನುವಾರದ ಫೋಟೋದಲ್ಲಿ ಅದು ಇರಲಿಲ್ಲ.

ಮುನಿಕೃಷ್ಣ ಬಟ್ಟೆಯ ಮೇಲೆ ಬಗ್ಗಿದವನು ಏಳಲೇ ಇಲ್ಲ. "ನಮ್ಮಣ್ಣಂದು," ಅಂದ. "ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿದ್ದು. ನನ್ನ ಕೈಯಿಂದಲೇ ತಾಗಿದ್ದು ಅಕ್ಕಾ, ನನಗಾಗ ಏಳು ವರ್ಷ. ಅವ್ವನಿಗೆ ಹೇಳ್ಲಿಲ್ಲ ಅವನು." ಆಮೇಲೆ ಮಗುವಿನ ಹಾಗೆ ಅತ್ತ. ಅಣ್ಣ ಬಂದಿದ್ದಾನೆ, ತಮ್ಮನ ಸುಳ್ಳನ್ನು ನೋಡಿದ್ದಾನೆ, ಅದನ್ನು ಅಳಿಸದೆ ಪಕ್ಕದಲ್ಲಿ ತನ್ನದನ್ನು ಒತ್ತಿದ್ದಾನೆ.

ತೊಂಬತ್ತಾರೂ ಸರಿಹೋದವು ಅಂತ ಚಂದನ ಕಣ್ಣೊರೆಸಿಕೊಂಡು ನಕ್ಕಳು. ಶಾಮಲಮ್ಮ ನಗಲಿಲ್ಲ. ಭಾನುವಾರದಿಂದ ಶೆಡ್ಡಿಗೆ ಬೀಗ ಬಿದ್ದಿತ್ತಲ್ಲ, ವೆಂಕಟ್ ಒಳಗೆ ಹೋಗಿ ಒತ್ತಿದ್ದು ಹೇಗೆ, ಬೀಗದ ಕೈ ಯಾರ ಹತ್ತಿರ ಅಂತ ಕೇಳಿದರು. ಇರುವುದು ಒಂದೇ, ಸಂಘದ ಅಧ್ಯಕ್ಷ ಅಶ್ವತ್ಥಪ್ಪನವರ ಹತ್ತಿರ ಅಂದಳು ಚಂದನ. ಊರೆಲ್ಲ ಎದ್ದು ನಿಂತು ಕೈಮುಗಿಯುವ ಹಿರಿಯ ಮನುಷ್ಯ.

ಮುನಿಕೃಷ್ಣ ತಲೆ ಎತ್ತಿದ. ನಿನ್ನೆ ಸಂಜೆ ಸಮಿತಿಯ ಕಾಗದ ಬಂದಾಗ ಅವನು ಅಶ್ವತ್ಥಪ್ಪನವರನ್ನು ಕೇಳಿದ್ದ, ನಮ್ಮಣ್ಣ ಈ ಕಡೆ ಏನಾದರೂ ಬಂದಿದ್ದನಾ ಅಂತ. ಅವನ ಮುಖ ನೋಡಿ ನಾಲ್ಕು ವರ್ಷ ಆಯ್ತಪ್ಪ ಅಂದಿದ್ದರಂತೆ ಅವರು.

"ವೆಂಕಟ್ ಮನೆ ನಂಬರ್ ಇದೆಯಾ?" ಶಾಮಲಮ್ಮ ಕೇಳಿದರು.

ಮುನಿಕೃಷ್ಣನ ಹತ್ತಿರ ಇರಲಿಲ್ಲ. ಸುನಂದಳ ಹತ್ತಿರ ಇತ್ತು. ಗಂಡಂದಿರು ಮಾತು ಬಿಟ್ಟರೆ ಓರಗಿತ್ತಿಯರೂ ಬಿಡಬೇಕಾ? ಅವಳು ಮುಳಬಾಗಿಲಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಶಾಮಲಮ್ಮನ ಮುಂದೆ ಹಿಡಿದಳು. ಆ ಕಡೆ ವಾಣಿಶ್ರೀ, ವೆಂಕಟ್‌ನ ಹೆಂಡತಿ. ಶಾಮಲಮ್ಮ ತಾವು ಯಾರೆಂದು ಹೇಳಿ, ಯಜಮಾನರು ಮನೇಲಿದ್ದಾರಾ ಅಂತ ಸಾದಾ ದನಿಯಲ್ಲೇ ಕೇಳಿದರು.

ಅವರು ಗುರುವಾರವೇ ಕೋಲಾರಕ್ಕೆ ಹೋದರಲ್ಲ ಅಂದಳು ವಾಣಿಶ್ರೀ. ತಮ್ಮನಿಗೆ ಹೇಳಬೇಡ, ಸೋಮವಾರ ಸಮಿತಿಯ ಮುಂದೆ ನಕ್ಷೆ ಇಡುವಾಗ ಎಲ್ಲರೆದುರು ಅವನ ಪಕ್ಕದಲ್ಲೇ ಹೋಗಿ ನಿಲ್ಲುತ್ತೇನೆ ಅಂತ ಹೇಳಿ ಹೋದವರು. ಅಲ್ಲಿವರೆಗೆ ಅಶ್ವತ್ಥಪ್ಪನವರ ಮನೆಯಲ್ಲೇ ಇರುತ್ತೇನೆ ಅಂತ ಅವತ್ತು ಮಧ್ಯಾಹ್ನ ಫೋನ್ ಮಾಡಿದ್ದೇ ಕೊನೆ.

"ಆಮೇಲೆ ನೀನು ಮಾಡಲಿಲ್ಲವೇನಮ್ಮಾ?"

"ಮಾಡ್ತಾನೇ ಇದೀನಿ. ಅವರ ಫೋನನ್ನ ಅಶ್ವತ್ಥಪ್ಪನೋರೇ ಎತ್ತುತ್ತಾರೆ. ಮಲಗವ್ನೆ, ಎಬ್ಬಿಸ್ಬೇಡ ಅಂತಾರೆ. ನಿನ್ನೆ ಬೆಳಿಗ್ಗೆ ಮಾಡಿದ್ರೂ ಮಲಗವ್ನೆ, ರಾತ್ರಿ ಮಾಡಿದ್ರೂ ಮಲಗವ್ನೆ, ಈಗೊಂದ್ ಗಳಿಗೆ ಮುಂಚೆ ಮಾಡಿದ್ರೂ ಅದೇ ಮಾತು." ವಾಣಿಶ್ರೀ ದನಿ ತಗ್ಗಿಸಿದಳು. "ಅಕ್ಕಾ, ಎರಡು ದಿನದಿಂದ ಮನುಷ್ಯ ಮಲಗೇ ಇರ್ತಾನಾ?"